2 ಆಂಪಿಯರ್ ಮೋಟಾರ್‌ಗೆ 5 ಆಂಪಿಯರ್ ಟ್ರಾನ್ಸಿಸ್ಟರ್ ಯಾಕೆ ಸಾಲಲಿಲ್ಲ: ಬ್ಯಾಟರಿ ಸ್ಪ್ರೇಯರ್ ಕಂಟ್ರೋಲರ್ ರಿಪೇರಿ

ಮುಳಬಾಗಿಲು ಕಡೆ ಟೊಮೇಟೊ ಬೆಳೆಯೋ ನಮ್ಮ ಚಿಕ್ಕಪ್ಪನ ಸ್ಪ್ರೇಯರ್ ಇದು. ಬೆನ್ನಿಗೆ ಹಾಕಿಕೊಳ್ಳೋ 16 ಲೀಟರ್ ಕ್ಯಾನು, ಕೆಳಗೆ 12 ವೋಲ್ಟ್ 8 ಆಂಪಿಯರ್-ಅವರ್ ಸೀಲ್ಡ್ ಬ್ಯಾಟರಿ, ಪಕ್ಕದಲ್ಲಿ ಸಣ್ಣ ಡಯಾಫ್ರಮ್ ಪಂಪ್. ಹೊರಗೆ ಒಂದು ನಾಬ್. ಸಸಿಗೆ ಹೊಡೆಯುವಾಗ ಪ್ರೆಶರ್ ಕಮ್ಮಿ ಇಟ್ಟುಕೊಳ್ಳಬೇಕು, ಗಿಡ ದಟ್ಟ ಆದಮೇಲೆ ಜಾಸ್ತಿ ಮಾಡಬೇಕು. ಅದಕ್ಕೇ ಆ ನಾಬ್. ಅದೇ ಕೆಟ್ಟಿತ್ತು. ಯಾವ ಕಡೆ ತಿರುಗಿಸಿದರೂ ಫುಲ್ ಸ್ಪೀಡ್.

ಅಂಗಡಿಯಲ್ಲಿ ರೆಡಿ ಕಂಟ್ರೋಲರ್ 200 ರೂಪಾಯಿ ಆಸುಪಾಸಿಗೆ ಸಿಗುತ್ತದೆ. ಆದರೆ ಇದೇ ಮಷಿನ್‌ಗೆ ಹಿಂದೆ ಒಮ್ಮೆ ಅಂಥದ್ದೇ ಹಾಕಿಸಿದ್ದರು, ಅದೂ ಇದೇ ಥರ ಹೋಗಿತ್ತು. ಹಾಗಾಗಿ ಈ ಸಲ ಕೈಯಲ್ಲೇ ಕಟ್ಟೋಣ ಅಂತ ಕೂತೆ.

1. ಬಿಚ್ಚಿ ನೋಡಿದ್ದು

ಕೆಳಗಿನ ಮುಚ್ಚಳದ ಸ್ಕ್ರೂ ತೆಗೆದರೆ ಬೆಂಕಿಪೊಟ್ಟಣದಷ್ಟು ಬೋರ್ಡ್. ಒಂದು 8 ಕಾಲಿನ ಐಸಿ, ಒಂದು ಸಣ್ಣ ಕಪ್ಪು ಡಯೋಡ್, ಮೂರು ಕಾಲಿನ ಒಂದು ಟ್ರಾನ್ಸಿಸ್ಟರ್. ಟ್ರಾನ್ಸಿಸ್ಟರ್ ಮೇಲಿನ ನಂಬರ್ ಉಜ್ಜಿ ತೆಗೆದಿದ್ದಾರೆ. ಫ್ಯೂಸ್ ಇಲ್ಲವೇ ಇಲ್ಲ. ಟ್ರಾನ್ಸಿಸ್ಟರ್‌ನ ಮಧ್ಯದ ಕಾಲಿನ ಸುತ್ತ ಬೋರ್ಡ್ ಕಂದು ಬಣ್ಣಕ್ಕೆ ತಿರುಗಿ, ತಾಮ್ರದ ಪಟ್ಟಿ ಎದ್ದು ಬಂದಿತ್ತು.

ಬ್ಯಾಟರಿ ಬಿಚ್ಚಿ ಮಲ್ಟಿಮೀಟರ್ ಅನ್ನು ಬೀಪ್‌ನಲ್ಲಿಟ್ಟು ನೋಡಿದೆ. ಮಧ್ಯದ ಕಾಲಿಗೂ ಕೊನೆಯ ಕಾಲಿಗೂ ಬೀಪ್. ಮೀಟರ್ ವೈರ್ ಅದಲುಬದಲು ಮಾಡಿದರೂ ಬೀಪ್. ಒಳಗೇ ಶಾರ್ಟ್.

"ಸುಟ್ಟೋಗಿದ್ರೆ ಮೋಟಾರ್ ನಿಲ್ಲಬೇಕಿತ್ತಲ್ವೇನೋ?" ಅಂತ ಚಿಕ್ಕಪ್ಪ ಕೇಳಿದರು. ಬಲ್ಬ್ ಸುಟ್ಟರೆ ತಂತಿ ಕಡಿಯುತ್ತದೆ. ಟ್ರಾನ್ಸಿಸ್ಟರ್ ಸುಟ್ಟಾಗ ಸಾಮಾನ್ಯವಾಗಿ ಉಲ್ಟಾ, ಒಳಗಿನ ಸಿಲಿಕಾನ್ ಕರಗಿ ಎರಡು ಕಾಲು ಅಂಟಿಕೊಳ್ಳುತ್ತವೆ. ಅದಕ್ಕೇ ಮೋಟಾರ್ ಫುಲ್ ಓಡುತ್ತಿತ್ತು. ಮೋಟಾರ್ ಕಂಟ್ರೋಲರ್ ಕಟ್ಟುವವರು ಇದನ್ನು ನೆನಪಿಟ್ಟುಕೊಳ್ಳಬೇಕು. ಕೆಟ್ಟರೆ ನಿಲ್ಲುತ್ತದೆ ಅಂತ ನಂಬಿ ಕೂತರೆ ಆಗಲ್ಲ, ಬೇರೆ ಸ್ವಿಚ್ ಇರಲೇಬೇಕು.

2. ಮೋಟಾರ್ ಎಷ್ಟು ಕೇಳುತ್ತದೆ ಅಂತ ಅಳೆದದ್ದು

ಪಂಪ್ ಮೇಲಿನ ಸ್ಟಿಕರ್ ಪ್ರಕಾರ 12 ವೋಲ್ಟ್, 100 ಪಿಎಸ್‌ಐ, 2.2 ಆಂಪಿಯರ್. ಮೀಟರನ್ನು 10 ಆಂಪಿಯರ್ ತೂತಿಗೆ ಹಾಕಿ ನೋಡಿದರೆ:

ನಾಝಲ್ ತೆರೆದು ನೀರು ಹೊಡೆಯುವಾಗ 2.1 ಆಂಪಿಯರ್.
ಗನ್ ಹಿಡಿ ಬಿಟ್ಟು, ಪ್ರೆಶರ್ ಏರಿ, ಪಂಪ್‌ನ ಪ್ರೆಶರ್ ಸ್ವಿಚ್ ಕಟ್ ಮಾಡುವ ಮುಂಚಿನ ಕ್ಷಣ 3.2 ಆಂಪಿಯರ್.

ಇಷ್ಟೇ ನೋಡಿದರೆ 5 ಆಂಪಿಯರ್ ಟ್ರಾನ್ಸಿಸ್ಟರ್ ಸಾಕು ಅನಿಸುತ್ತದೆ. ಆದರೆ ನಿಂತ ಮೋಟಾರ್‌ಗೆ ಕರೆಂಟ್ ಕೊಟ್ಟ ತಕ್ಷಣ ಅದು ಬರೀ ತಾಮ್ರದ ಸುರುಳಿ. ತಿರುಗಲು ಶುರುವಾದ ಮೇಲೇ ಅದರೊಳಗೆ ಎದುರು ವೋಲ್ಟೇಜ್ ಹುಟ್ಟಿ ಕರೆಂಟ್ ಇಳಿಯೋದು. ಆ ಮೊದಲ ಕ್ಷಣದ ಕರೆಂಟನ್ನು ಸಾದಾ ಮೀಟರ್ ಹಿಡಿಯಲ್ಲ. ಅಂಕಿ ಬದಲಾಗುವಷ್ಟರಲ್ಲಿ ಮೋಟಾರ್ ಸ್ಪೀಡ್‌ಗೆ ಬಂದಿರುತ್ತದೆ.

ಮೊದಲು ಸುರುಳಿಯ ಓಮ್ ನೇರ ಅಳೆಯಲು ನೋಡಿದೆ. ಮೀಟರ್ ವೈರ್ ಎರಡನ್ನೂ ಸುಮ್ನೆ ಒಂದಕ್ಕೊಂದು ಮುಟ್ಟಿಸಿದರೇ 0.4 ಓಮ್ ತೋರಿಸುತ್ತದೆ. ಮೋಟಾರ್‌ಗೆ ಹಿಡಿದರೆ 1.7, ಶಾಫ್ಟ್ ಸ್ವಲ್ಪ ತಿರುಗಿಸಿದರೆ 2.3, ಮತ್ತೆ 1.5. ಇದನ್ನು ನಂಬಿ ಲೆಕ್ಕ ಹಾಕೋಕಾಗಲ್ಲ.

ಕೆಲಸಕ್ಕೆ ಬಂದ ದಾರಿ ಬೇರೆ. ಪಂಪ್ ಹೆಡ್‌ನ ಸ್ಕ್ರೂ ಬಿಚ್ಚಿ ಹೆಡ್ ಎಳೆದರೆ ಮೋಟಾರ್ ಶಾಫ್ಟ್ ಮೇಲೆ ಓರೆಯಾಗಿ ಕೂರಿಸಿದ ಒಂದು ಬೇರಿಂಗ್ ಕಾಣುತ್ತದೆ. ಅದಕ್ಕೆ ಬಟ್ಟೆ ಸುತ್ತಿ ಪ್ಲೈಯರ್‌ನಲ್ಲಿ ಗಟ್ಟಿ ಹಿಡಿದೆ. ಬ್ಯಾಟರಿ ಪ್ಲಸ್‌ನಿಂದ ಬೈಕ್ ಇಂಡಿಕೇಟರ್‌ನ 12 ವೋಲ್ಟ್ 21 ವ್ಯಾಟ್ ಬಲ್ಬ್, ಅಲ್ಲಿಂದ ಆಂಪಿಯರ್ ಮೀಟರ್, ಅಲ್ಲಿಂದ ಮೋಟಾರ್, ವಾಪಸ್ ಮೈನಸ್. ಬಲ್ಬ್ ಇರುವುದರಿಂದ ಕರೆಂಟ್ ಮಿತಿ ಮೀರಲ್ಲ, ನಿಧಾನವಾಗಿ ಅಳೆಯಬಹುದು. ಕರೆಂಟ್ 1.6 ಆಂಪಿಯರ್ ಇದ್ದಾಗ ಮೋಟಾರ್‌ನ ಎರಡು ಟರ್ಮಿನಲ್ ಮಧ್ಯೆ 1.76 ವೋಲ್ಟ್. ಭಾಗಿಸಿದರೆ 1.1 ಓಮ್. ಶಾಫ್ಟ್ ಸ್ವಲ್ಪ ಸ್ವಲ್ಪ ತಿರುಗಿಸಿ ಮತ್ತೆ ಮತ್ತೆ ನೋಡಿ ಸಿಕ್ಕಿದ ಅತಿ ಕಮ್ಮಿ ಅಂಕಿ ಇದು.

ಚಾರ್ಜ್ ಆದ ಬ್ಯಾಟರಿ 12.6 ವೋಲ್ಟ್. 12.6 ÷ 1.1 = ಸುಮಾರು 11.5 ಆಂಪಿಯರ್. ವೈರ್ ಮತ್ತು ಬ್ಯಾಟರಿಯ ಒಳಗಿನ ತಡೆಯಿಂದ ಸ್ವಲ್ಪ ಕಮ್ಮಿ ಆಗುತ್ತದೆ, ಅದನ್ನು ಬಿಟ್ಟುಬಿಡಿ. ಸ್ಟಿಕರ್ ಮೇಲೆ 2.2 ಅಂತ ಬರೆದ ಮೋಟಾರ್, ಶುರುವಾಗುವಾಗಲೂ ಜಾಮ್ ಆದಾಗಲೂ ಅದರ ಐದು ಪಟ್ಟು ಎಳೆಯುತ್ತದೆ.

ಸ್ಪ್ರೇಯರ್‌ನಲ್ಲಿ ಇದು ದಿನಕ್ಕೊಂದು ಸಲದ ಮಾತೂ ಅಲ್ಲ. ಗಿಡದಿಂದ ಗಿಡಕ್ಕೆ ಹೋಗುವಾಗ ಹಿಡಿ ಬಿಡುತ್ತಾರೆ, ಪ್ರೆಶರ್ ಸ್ವಿಚ್ ಮೋಟಾರ್ ನಿಲ್ಲಿಸುತ್ತದೆ. ಹಿಡಿ ಒತ್ತುತ್ತಾರೆ, ಮೋಟಾರ್ ಮತ್ತೆ ಶುರು. ಒಂದು ಕ್ಯಾನ್ ಖಾಲಿ ಆಗೋದರೊಳಗೆ ಇದು ನೂರಾರು ಸಲ. ಪ್ರತಿ ಸಲವೂ ಆ ಪೆಟ್ಟು ಟ್ರಾನ್ಸಿಸ್ಟರ್‌ಗೇ.

3. ಸರ್ಕ್ಯೂಟ್, ಮತ್ತು ಟಿಐಪಿ122

ನಾಬ್‌ನಿಂದ ಟ್ರಾನ್ಸಿಸ್ಟರನ್ನು ಅರ್ಧಂಬರ್ಧ ತೆರೆದು ಸ್ಪೀಡ್ ಇಳಿಸುವ ಹಳೇ ವಿಧಾನಕ್ಕೆ ಹೋಗಲಿಲ್ಲ. ಮೋಟಾರ್‌ಗೆ 6 ವೋಲ್ಟ್ ಕೊಟ್ಟರೆ ಉಳಿದ 6 ವೋಲ್ಟ್ ಟ್ರಾನ್ಸಿಸ್ಟರ್ ಮೇಲೆ ಬೀಳುತ್ತದೆ. 1.5 ಆಂಪಿಯರ್ ಹರಿದರೂ 9 ವ್ಯಾಟ್ ಬರೀ ಶಾಖ. ಮುಚ್ಚಿದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಅದಕ್ಕೆ ಜಾಗ ಇಲ್ಲ. 555 ಅನ್ನೋ ಟೈಮರ್ ಐಸಿಯಲ್ಲಿ ಪಿಡಬ್ಲ್ಯುಎಂ (ಆನ್ ಇರುವ ಹೊತ್ತನ್ನು ಹೆಚ್ಚುಕಮ್ಮಿ ಮಾಡಿ ಸ್ಪೀಡ್ ಬದಲಿಸೋದು) ಮಾಡಿ, ಟ್ರಾನ್ಸಿಸ್ಟರನ್ನು ಪೂರ್ತಿ ಆನ್, ಪೂರ್ತಿ ಆಫ್ ಮಾಡೋದೇ ಸರಿ.

ಕಟ್ಟಿದ್ದು ಹೀಗೆ. ಎನ್‌ಇ555, 7ನೇ ಪಿನ್‌ಗೆ ಪ್ಲಸ್‌ನಿಂದ 1 ಕೆ ರೆಸಿಸ್ಟರ್, 100 ಕೆ ಪಾಟ್ (ನಾಬ್ ತಿರುಗಿಸಿದರೆ ಓಮ್ ಬದಲಾಗುವ ರೆಸಿಸ್ಟರ್), ಎರಡು 1ಎನ್4148 ಡಯೋಡ್, 2 ಮತ್ತು 6ನೇ ಪಿನ್‌ಗೆ ಮೊದಲು 0.1 ಮೈಕ್ರೋಫ್ಯಾರಡ್ ಕೆಪಾಸಿಟರ್. 3ನೇ ಪಿನ್‌ನಿಂದ ಟ್ರಾನ್ಸಿಸ್ಟರ್‌ಗೆ. ಐಸಿಗೆ ಸಾಕೆಟ್ ಹಾಕಿದೆ. ಅದು ಮುಂದೆ ಬಹಳ ಉಪಯೋಗಕ್ಕೆ ಬಂತು.

0.1 ಹಾಕಿದಾಗ ಸೆಕೆಂಡಿಗೆ 140 ಸಲದಷ್ಟು ಆನ್-ಆಫ್. ಮೋಟಾರ್ ಗುರ್ ಅಂತ ನಡುಗುತ್ತಿತ್ತು. ಒಂದೊಂದು ಆಫ್‌ನಲ್ಲೂ ಕರೆಂಟ್ ಪೂರ್ತಿ ಇಳಿದು ಮತ್ತೆ ಮೊದಲಿಂದ ಏರಬೇಕಾಗುತ್ತದೆ. ಕೆಪಾಸಿಟರನ್ನು 0.01ಕ್ಕೆ ಇಳಿಸಿದೆ, 1400 ಆಸುಪಾಸಿಗೆ ಬಂತು. ಈಗ ಸಣ್ಣಗೆ ಕುಯ್ ಅನ್ನುತ್ತದೆ ಅಷ್ಟೇ.

ಟ್ರಾನ್ಸಿಸ್ಟರ್ ಡಬ್ಬಿಯಲ್ಲಿ ಟಿಐಪಿ122 ಇತ್ತು. 100 ವೋಲ್ಟ್, 5 ಆಂಪಿಯರ್, 65 ವ್ಯಾಟ್. ಡಾರ್ಲಿಂಗ್ಟನ್ (ಒಳಗೆ ಎರಡು ಟ್ರಾನ್ಸಿಸ್ಟರ್ ಜೋಡಿಸಿದ್ದು) ಆದ್ದರಿಂದ ಬೇಸ್‌ಗೆ, ಅಂದರೆ ಕಂಟ್ರೋಲ್ ಕಾಲಿಗೆ, ಜಾಸ್ತಿ ಕರೆಂಟ್ ಬೇಡ. 470 ಓಮ್ ರೆಸಿಸ್ಟರ್ ಹಾಕಿದರೆ ಹತ್ತಿರ ಹತ್ತಿರ 19 ಮಿಲಿಆಂಪಿಯರ್ ಹೋಗುತ್ತದೆ. ಧಾರಾಳ ಸಾಕು. ಮೋಟಾರ್‌ಗೆ ಅಡ್ಡ 1ಎನ್4007 ಡಯೋಡ್, ಅದೂ ಡಬ್ಬಿಯಲ್ಲೇ ಇದ್ದದ್ದು.

ಹೀಟ್ ಸಿಂಕ್ ಇಲ್ಲದೆ ಓಡಿಸಿದಾಗ ಒಂದು ನಿಮಿಷದೊಳಗೆ ಬೆನ್ನಿನ ಲೋಹ ಮುಟ್ಟೋಕಾಗದಷ್ಟು ಬಿಸಿ. ಕಲೆಕ್ಟರ್-ಎಮಿಟರ್ (ಮೋಟಾರ್ ಕರೆಂಟ್ ಹೋಗುವ ಎರಡು ಕಾಲು) ಮಧ್ಯೆ 1 ವೋಲ್ಟ್ ನಿಂತಿತ್ತು. 2.1 ಆಂಪಿಯರ್ × 1 ವೋಲ್ಟ್ = 2.1 ವ್ಯಾಟ್. 65 ವ್ಯಾಟ್ ಟ್ರಾನ್ಸಿಸ್ಟರ್ 2 ವ್ಯಾಟ್‌ಗೇ ಹೀಗಾ?

5 ಸೆಂಟಿಮೀಟರ್ × 4 ಸೆಂಟಿಮೀಟರ್ ಅಲ್ಯೂಮಿನಿಯಂ ತಗಡು ಕತ್ತರಿಸಿ ಸ್ಕ್ರೂ ಹಾಕಿದೆ. ಈಗ ಬೆಚ್ಚಗೆ, ಬೆರಳು ಇಟ್ಟುಕೊಳ್ಳಬಹುದು. ಬಕೆಟ್‌ನಿಂದ ಬಕೆಟ್‌ಗೆ ನೀರು ಹೊಡೆಯುತ್ತಾ, ಹೊಲದಲ್ಲಿ ಮಾಡುವ ಹಾಗೆ ಹಿಡಿ ಒತ್ತಿ ಬಿಟ್ಟು, ಒತ್ತಿ ಬಿಟ್ಟು ನೋಡಿದೆ. ಹತ್ತು ನಿಮಿಷದ ಹೊತ್ತಿಗೆ ನಾಬ್ ಕೆಲಸ ಮಾಡೋದು ನಿಂತಿತು. ಫುಲ್ ಸ್ಪೀಡ್. ಬಿಚ್ಚಿ ಬೀಪ್ ಹಿಡಿದರೆ ಕಲೆಕ್ಟರ್-ಎಮಿಟರ್ ಶಾರ್ಟ್. ಹಳೇ ಬೋರ್ಡ್‌ನ ಕಾಯಿಲೆಯೇ ಹೊಸದಕ್ಕೂ. ತಗಡು ಬೆಚ್ಚಗಿತ್ತು, ಆದರೂ ಸತ್ತಿತ್ತು.

4. ಡೇಟಾಶೀಟ್ ಮತ್ತೆ ಓದಿದ್ದು

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ, ಯಾಕೆಂದರೆ ಬಹಳ ಜನ ಎಡವೋದು ಕಂಪನಿ ಕೊಡುವ ಈ ಶೀಟ್‌ನ ಮೂರು ಅಂಕಿಯಲ್ಲೇ.

ಮೊದಲು ವ್ಯಾಟ್. 65 ವ್ಯಾಟ್ ಅಂತ ಬರೆದ ಸಾಲಿನಲ್ಲೇ "ಕೇಸ್ 25 ಡಿಗ್ರಿ" ಅಂತ ಇದೆ. ಅಂದರೆ ಟ್ರಾನ್ಸಿಸ್ಟರ್ ಎಷ್ಟೇ ಶಾಖ ಬಿಟ್ಟರೂ ಅದರ ಬೆನ್ನಿನ ಲೋಹವನ್ನು ನೀವು 25 ಡಿಗ್ರಿಯಲ್ಲೇ ಹಿಡಿದಿಟ್ಟರೆ ಮಾತ್ರ ಈ ಅಂಕಿ. ಕಂಪನಿ ಹೇಳುವ ಬೈಕ್ ಮೈಲೇಜ್ ಥರ, ಸುಳ್ಳಲ್ಲ, ಆದರೆ ನಮ್ಮ ರಸ್ತೆಯದ್ದಲ್ಲ. ಈ ಅಂಕಿ ಬಂದದ್ದು ಹೇಗೆ ಅಂತ ನೋಡಿದರೆ ಇನ್ನೂ ಸ್ಪಷ್ಟ. ಒಳಗಿನ ಸಿಲಿಕಾನ್ 150 ಡಿಗ್ರಿ ದಾಟಬಾರದು. ಸಿಲಿಕಾನ್‌ನಿಂದ ಬೆನ್ನಿಗೆ ಶಾಖ ಬರೋಕೆ ವ್ಯಾಟ್‌ಗೆ 1.92 ಡಿಗ್ರಿ ಏರಿಕೆ. (150 − 25) ÷ 1.92 = 65. ಅಷ್ಟೇ ಲೆಕ್ಕ.

ಅದರ ಕೆಳಗೇ ಇನ್ನೊಂದು ಸಾಲು ಇದೆ. ಹೀಟ್ ಸಿಂಕ್ ಇಲ್ಲದೆ ಗಾಳಿಯಲ್ಲಿ ನಿಂತರೆ ವ್ಯಾಟ್‌ಗೆ 62.5 ಡಿಗ್ರಿ. (150 − 25) ÷ 62.5 = 2 ವ್ಯಾಟ್. 65 ವ್ಯಾಟ್ ಟ್ರಾನ್ಸಿಸ್ಟರ್ ಬರಿಮೈಯಲ್ಲಿ 2 ವ್ಯಾಟ್ ಟ್ರಾನ್ಸಿಸ್ಟರ್. ನನ್ನ ಮೇಜಿನ ಮೇಲೆ 32 ಡಿಗ್ರಿ ಇತ್ತು. 2.1 × 62.5 = 131, ಅದಕ್ಕೆ 32 ಸೇರಿಸಿದರೆ 163. ಮಿತಿ ದಾಟಿಯೇ ಓಡುತ್ತಿತ್ತು.

ಎರಡನೇದು ಆಂಪಿಯರ್. ಟಿಐಪಿ122ಕ್ಕೆ ಸತತ 5, ಕ್ಷಣಕಾಲಕ್ಕೆ 8. ನನ್ನ ಮೋಟಾರ್ ಪ್ರತಿ ಸಲ ಶುರುವಾಗುವಾಗ ಕೇಳೋದು 11.5. ತಗಡು ಬೆಚ್ಚಗಿದ್ದೂ ಸತ್ತದ್ದು ಇದಕ್ಕೇ. ಅಷ್ಟು ಕರೆಂಟ್ ಎಳೆದಾಗ ಟ್ರಾನ್ಸಿಸ್ಟರ್ ಪೂರ್ತಿ ಆನ್ ಆಗಿ ಉಳಿಯಲ್ಲ, ಅದರ ಮೇಲಿನ ವೋಲ್ಟೇಜ್ ಏರುತ್ತದೆ. 5 ಆಂಪಿಯರ್‌ಗೇ 4 ವೋಲ್ಟ್‌ವರೆಗೆ ನಿಲ್ಲಬಹುದು ಅಂತ ಶೀಟ್ ಹೇಳುತ್ತದೆ. 11.5ಕ್ಕೂ ಬರೀ 4 ವೋಲ್ಟ್ ಅಂತ ಹಿಡಿದರೂ 46 ವ್ಯಾಟ್. ಆ ಶಾಖ ತಗಡಿಗೆ ತಲುಪುವ ಮುಂಚೆಯೇ ಒಳಗಿನ ಸಣ್ಣ ಚೂರು ಕಾದಿರುತ್ತದೆ. ಬೆರಳಿಟ್ಟು ನೋಡಿದರೆ ಗೊತ್ತಾಗೋದು ತಗಡಿನ ಬಿಸಿ ಮಾತ್ರ.

ಮೂರನೇದು, ಈ ಅಂಕಿಗಳನ್ನು ಗುಣಿಸಬಾರದು. 100 ವೋಲ್ಟ್ × 5 ಆಂಪಿಯರ್ ಅಂದರೆ 500 ವ್ಯಾಟ್ ಆಯ್ತು, ಅದು 65ರ ಎಷ್ಟು ಪಟ್ಟು! ಆಫ್ ಇದ್ದಾಗ 100 ವೋಲ್ಟ್ ತಡೆಯುತ್ತದೆ, ಆನ್ ಇದ್ದಾಗ 5 ಆಂಪಿಯರ್ ಬಿಡುತ್ತದೆ. ಎರಡೂ ಒಟ್ಟಿಗೆ ಅಲ್ಲ. ಪ್ರತಿಯೊಂದೂ ಬೇರೆ ಬೇಲಿ, ಯಾವುದನ್ನು ಮೊದಲು ಮುಟ್ಟುತ್ತದೋ ಅಲ್ಲೇ ಕತೆ ಮುಗೀತು.

5. 2ಎನ್3055 ಹಾಕು ಅಂದರು

ಸ್ಪೇರ್ ತರೋಕೆ ಹೋದ ಅಂಗಡಿಯಲ್ಲಿ ಹಿರಿಯರೊಬ್ಬರು "2ಎನ್3055 ಹಾಕಪ್ಪಾ, 15 ಆಂಪಿಯರ್, 115 ವ್ಯಾಟ್, ಸಾಯೋದೇ ಇಲ್ಲ" ಅಂದರು. ಗಟ್ಟಿ ಟ್ರಾನ್ಸಿಸ್ಟರ್, ಸುಳ್ಳಲ್ಲ. ಹಳೇ ಆಂಪ್ಲಿಫೈಯರ್, ಇನ್ವರ್ಟರ್ ಎಲ್ಲದರಲ್ಲೂ ಅದೇ ಇತ್ತು. ಆದರೆ ಬೇಸ್ ಕಡೆ ನೋಡಿ. 4 ಆಂಪಿಯರ್‌ನಲ್ಲಿ ಅದರ ಗೇನ್ (ಬೇಸ್ ಕರೆಂಟಿನ ಎಷ್ಟು ಪಟ್ಟು ಹರಿಸುತ್ತದೆ ಅನ್ನೋದು) ಕನಿಷ್ಠ 20. 10 ಆಂಪಿಯರ್‌ಗೆ ಹೋದರೆ ಕನಿಷ್ಠ 5ಕ್ಕೆ ಇಳಿಯುತ್ತದೆ. ಅಂದರೆ ಮೋಟಾರ್ ಶುರುವಾಗುವ ಹೊತ್ತಿಗೆ ಬೇಸ್‌ಗೇ 2 ಆಂಪಿಯರ್ ಬೇಕು. 555 ಕೊಡೋದು ಹೆಚ್ಚೆಂದರೆ 0.2. ಮಧ್ಯೆ ಇನ್ನೊಂದು ಟ್ರಾನ್ಸಿಸ್ಟರ್ ಹಾಕಿದರೆ ಮತ್ತೆ ಡಾರ್ಲಿಂಗ್ಟನ್ ಆಗಿ 1 ವೋಲ್ಟ್ ನಷ್ಟ. ತರಲಿಲ್ಲ.

6. ಐಆರ್‌ಎಫ್‌ಝಡ್44ಎನ್

ತಂದದ್ದು ಈ ಮಾಸ್ಫೆಟ್. ಬೇಸ್ ಕರೆಂಟಿನ ಬದಲು ಗೇಟ್ ಅನ್ನೋ ಕಾಲಿನ ವೋಲ್ಟೇಜ್‌ನಿಂದ ತೆರೆಯುವ ಟ್ರಾನ್ಸಿಸ್ಟರ್ ಇದು, ಮೋಟಾರ್ ಕರೆಂಟ್ ಹೋಗೋದು ಡ್ರೈನ್‌ನಿಂದ ಸೋರ್ಸ್‌ಗೆ. 55 ವೋಲ್ಟ್, 49 ಆಂಪಿಯರ್, ಆನ್ ಆದಾಗ 17.5 ಮಿಲಿಓಮ್. 30 ರೂಪಾಯಿ.

49ನ್ನೂ ಹಾಗೇ ನಂಬಬೇಡಿ. ಅದೂ ಕೇಸ್ 25 ಡಿಗ್ರಿ ಇದ್ದಾಗಿನ ಮಾತು. 100 ಡಿಗ್ರಿಗೆ ಅದೇ ಶೀಟ್‌ನಲ್ಲಿ 35 ಅಂತ ಇದೆ. ಆ ತೆಳ್ಳನೆ ಕಾಲುಗಳನ್ನು ಜನರಲ್ ಬೋರ್ಡ್‌ಗೆ ಬೆಸೆದು 35 ಬಿಡುತ್ತೇನೆ ಅಂದರೂ ಆಗಲ್ಲ, ಮೊದಲು ಬೋರ್ಡೇ ಸುಡುತ್ತದೆ. ಮಾಸ್ಫೆಟ್‌ನಲ್ಲಿ ನಾನು ನೋಡೋದು ಆಂಪಿಯರ್ ಅಲ್ಲ, ಮಿಲಿಓಮ್. ಶಾಖ ಅಂದರೆ ಕರೆಂಟ್ × ಕರೆಂಟ್ × ಓಮ್.

ಓಡುವಾಗ: 2.1 × 2.1 × 0.0175 = 0.08 ವ್ಯಾಟ್. ಹೀಟ್ ಸಿಂಕ್ ಇಲ್ಲದಿದ್ದರೂ 5 ಡಿಗ್ರಿ ಏರಿಕೆ.
ಶುರುವಾಗುವಾಗ: 11.5 × 11.5 × 0.0175 = 2.3 ವ್ಯಾಟ್, ಅದೂ ಕ್ಷಣಕಾಲ.

ಟಿಐಪಿ122 ಸುಮ್ಮನೆ ಓಡುವಾಗ ಬಿಡುತ್ತಿದ್ದ ಶಾಖವೂ ಇದು ಪೆಟ್ಟು ತಿನ್ನುವಾಗ ಬಿಡೋ ಶಾಖವೂ ಹತ್ತಿರ ಹತ್ತಿರ ಒಂದೇ. ಲೆಕ್ಕ ಖುಷಿ ಕೊಟ್ಟಿತು. ಬೆಸೆದು ಓಡಿಸಿದೆ. ಬಿಸಿ! ನಾಬ್ ಅರ್ಧದಲ್ಲಿಟ್ಟರೆ ಅರ್ಧ ನಿಮಿಷದಲ್ಲಿ ಬೆರಳು ಇಡೋಕಾಗಲ್ಲ.

ಮೊದಲು ಬಂದ ಅನುಮಾನ ಡೂಪ್ಲಿಕೇಟ್ ಮಾಲು ಅಂತ. ಅದನ್ನು ಪರೀಕ್ಷೆ ಮಾಡೋಕೆ ಸುಲಭ ದಾರಿ ಇದೆ. 555ನ್ನು ಸಾಕೆಟ್‌ನಿಂದ ಕಿತ್ತು, ಸಾಕೆಟ್‌ನ 3 ಮತ್ತು 8ನೇ ತೂತಿಗೆ ಒಂದು ತಂತಿ ತುಂಡು ಚುಚ್ಚಿದೆ. ಈಗ ಆನ್-ಆಫ್ ಇಲ್ಲ, ಸತತ ಆನ್. ಮೋಟಾರ್ ಫುಲ್ ಓಡಿತು, ಮಾಸ್ಫೆಟ್ ತಣ್ಣಗಿತ್ತು. ಡ್ರೈನ್-ಸೋರ್ಸ್ ಕಾಲಿನ ಬುಡಕ್ಕೇ ಮೀಟರ್ ಹಿಡಿದು 200 ಮಿಲಿವೋಲ್ಟ್ ರೇಂಜ್‌ನಲ್ಲಿ ನೋಡಿದರೆ 55 ಮಿಲಿವೋಲ್ಟ್. 2.1ರಿಂದ ಭಾಗಿಸಿದರೆ 26 ಮಿಲಿಓಮ್. ಪೂರ್ತಿ ಡೂಪ್ಲಿಕೇಟ್ ಅನ್ನೋ ಹಾಗಿಲ್ಲ, ಆದರೆ 17.5ಕ್ಕಿಂತ ತುಂಬಾ ಜಾಸ್ತಿ.

ಶೀಟ್‌ನಲ್ಲಿ ಆ 17.5ರ ಪಕ್ಕದಲ್ಲಿ "ಗೇಟ್ 10 ವೋಲ್ಟ್" ಅಂತ ಷರತ್ತಿದೆ. ಗೇಟ್ ಅಳೆದೆ. ಬ್ಯಾಟರಿ 12.6 ಇದ್ದರೆ ಗೇಟ್‌ನಲ್ಲಿ 6.3. ಸರಿಯಾಗಿ ಅರ್ಧ. ಆಗ ಗೊತ್ತಾಯಿತು. ಗೇಟ್‌ಗೆ ಸಾಲಿನಲ್ಲಿ 100 ಓಮ್, ಗೇಟ್‌ನಿಂದ ಮೈನಸ್‌ಗೆ 10 ಕೆ ಇರಬೇಕಿತ್ತು. ಎರಡೂ ಕಡೆ 10 ಕೆ ಕೂತಿತ್ತು. ಕಂದು-ಕಪ್ಪು-ಕಂದು ಒಂದು, ಕಂದು-ಕಪ್ಪು-ಕಿತ್ತಳೆ ಇನ್ನೊಂದು. ಹಳದಿ ಬಲ್ಬ್ ಬೆಳಕಲ್ಲಿ ಕಂದು, ಕಿತ್ತಳೆ ಎರಡೂ ಒಂದೇ ಥರ ಕಾಣುತ್ತವೆ. ಬೆಸೆಯುವ ಮುಂಚೆ ಪ್ರತಿ ರೆಸಿಸ್ಟರನ್ನೂ ಮೀಟರ್‌ಗೆ ಹಿಡಿಯೋದು ಒಳ್ಳೇದು.

ಆ ಒಂದು ರೆಸಿಸ್ಟರ್ ಎರಡು ಕೆಲಸ ಕೆಡಿಸಿತ್ತು. ವೋಲ್ಟೇಜ್ ಅರ್ಧಕ್ಕೆ ಇಳಿದು ಮಾಸ್ಫೆಟ್ ಸರಿಯಾಗಿ ತೆರೆಯುತ್ತಿರಲಿಲ್ಲ. ಅದು ಸಣ್ಣದು. ದೊಡ್ಡದು ಇನ್ನೊಂದು. ಮಾಸ್ಫೆಟ್ ಗೇಟ್ ಒಳಗೆ ಒಂದು ಕೆಪಾಸಿಟರ್ ಇದ್ದ ಹಾಗೆ, ಅದು ತುಂಬಿದರೇ ಆನ್, ಖಾಲಿಯಾದರೇ ಆಫ್. 10 ಕೆ ಮೂಲಕ ತುಂಬೋಕೆ ನೂರು ಮೈಕ್ರೋಸೆಕೆಂಡ್‌ಗಿಂತ ಜಾಸ್ತಿ ಬೇಕು. ಪೂರ್ತಿ ಒಂದು ಸುತ್ತೇ 700 ಮೈಕ್ರೋಸೆಕೆಂಡ್. ಅಂದರೆ ಸುಮಾರು ಐದರಲ್ಲಿ ಒಂದು ಭಾಗ ಸಮಯ ಅದು ಆನ್ ಅಲ್ಲ, ಆಫ್ ಅಲ್ಲ, ಮಧ್ಯದಲ್ಲಿ ನಿಂತು ಕಾಯುತ್ತಿತ್ತು. ಸತತ ಆನ್ ಇಟ್ಟಾಗ ತಣ್ಣಗೆ, ಪಿಡಬ್ಲ್ಯುಎಂ ಕೊಟ್ಟಾಗ ಬಿಸಿ ಆದರೆ ಗೇಟ್ ಕಡೆ ಮೊದಲು ನೋಡಿ.

100 ಓಮ್ ಹಾಕಿದೆ. ಅದೇ ತಂತಿ ಪರೀಕ್ಷೆಯಲ್ಲಿ ಈಗ 38 ಮಿಲಿವೋಲ್ಟ್, ಕಾಲಿನ ಲೋಹವೂ ಸೇರಿ 18 ಮಿಲಿಓಮ್. ಮಾಲು ಒರಿಜಿನಲ್ಲೇ, ಅಂಗಡಿಯವರನ್ನು ಬೈದುಕೊಂಡದ್ದು ವಾಪಸ್ ತಗೊಂಡೆ.

ಇದೇ ಮಾಸ್ಫೆಟ್ಟನ್ನು ಆರ್ಡುಯಿನೋ ಅನ್ನೋ ಸಣ್ಣ ಕಂಟ್ರೋಲ್ ಬೋರ್ಡ್‌ನ 5 ವೋಲ್ಟ್ ಪಿನ್‌ಗೆ ನೇರ ಕೊಡುವವರು ಬಹಳ ಜನ. ಸಣ್ಣ ಮೋಟಾರ್ ಓಡುತ್ತದೆ, ಹಾಗಾಗಿ ಸರಿ ಇದೆ ಅನಿಸುತ್ತದೆ. ಆದರೆ ಈ ಮಾಸ್ಫೆಟ್ ತೆರೆಯಲು ಶುರುಮಾಡೋದೇ 2ರಿಂದ 4 ವೋಲ್ಟ್ ಮಧ್ಯೆ ಎಲ್ಲೋ. ನಿಮಗೆ ಸಿಕ್ಕ ತುಂಡು 4ರದ್ದಾದರೆ 5 ವೋಲ್ಟ್‌ಗೆ ಅದು ಬಾಗಿಲು ಸಂದಿ ಬಿಟ್ಟ ಹಾಗಷ್ಟೇ. ಅಲ್ಲಿಗೆ ಐಆರ್‌ಎಲ್‌ಝಡ್44ಎನ್ ಹಾಕಬೇಕು. ಅದಕ್ಕೆ 5 ವೋಲ್ಟ್‌ನಲ್ಲೇ 25 ಮಿಲಿಓಮ್ ಅಂತ ಬರೆದುಕೊಟ್ಟಿದ್ದಾರೆ. ಮಧ್ಯದ ಒಂದು ಅಕ್ಷರ ಎಫ್ ಇದ್ದದ್ದು ಎಲ್ ಆಗಿದೆ, ತರುವಾಗ ನೋಡಿಕೊಳ್ಳಿ.

7. ಡಯೋಡ್ ಬಿಸಿ

ಮಾಸ್ಫೆಟ್ ತಣ್ಣಗಾಯಿತು. ಈಗ ಬೋರ್ಡ್‌ನಲ್ಲಿ ಬಿಸಿ ಇದ್ದದ್ದು 1ಎನ್4007. ನಾಬ್ ಫುಲ್ ಇಟ್ಟರೆ ತಣ್ಣಗೆ, ಅರ್ಧ ಇಟ್ಟರೆ ಬಿಸಿ.

ಇದು ಅರ್ಥ ಆಗೋಕೆ ಕರೆಂಟನ್ನು ಎರಡು ಕಡೆ ಅಳೆಯಬೇಕು. ನಾಬ್ ಅರ್ಧದಲ್ಲಿದ್ದಾಗ ಬ್ಯಾಟರಿ ವೈರ್‌ನಲ್ಲಿ 0.65 ಆಂಪಿಯರ್, ಮೋಟಾರ್ ವೈರ್‌ನಲ್ಲಿ 1.3. ಒಂದೇ ಸರ್ಕ್ಯೂಟ್, ಎರಡು ಅಂಕಿ. ಮಾಸ್ಫೆಟ್ ಆಫ್ ಆದಾಗ ಮೋಟಾರ್ ಸುರುಳಿಯ ಕರೆಂಟ್ ತಟ್ಟನೆ ನಿಲ್ಲಲ್ಲ, ಡಯೋಡ್ ಮೂಲಕ ಸುತ್ತು ಹಾಕುತ್ತದೆ. ಬ್ಯಾಟರಿ ಕೊಡದ ಆ ಅರ್ಧ ಪಾಲು ಹೋಗೋದು ಡಯೋಡ್‌ನಲ್ಲೇ. ಹಾಗಾಗಿ ಬ್ಯಾಟರಿ ಕಡೆ ಮೀಟರ್ ನೋಡಿ ಭಾಗಗಳನ್ನು ಆರಿಸಿದರೆ ಲೆಕ್ಕ ತಪ್ಪುತ್ತದೆ.

1ಎನ್4007 ಒಂದು ಆಂಪಿಯರ್ ಡಯೋಡ್. 0.65 ತಡೆಯಬೇಕಲ್ವಾ? ತಡೆಯುತ್ತದೆ, ಆದರೆ ಅಂಚಿನಲ್ಲಿ. ಮೋಟಾರ್ ಶುರುವಾಗುವಾಗ ಇದಕ್ಕೂ ಪೆಟ್ಟು ಬೀಳುತ್ತದೆ. ಮೇಲಾಗಿ ಅದು ಮನೆ ಕರೆಂಟಿನ 50 ಹರ್ಟ್ಸ್‌ಗೆ ಮಾಡಿದ ನಿಧಾನದ ಡಯೋಡ್. ಮಾಸ್ಫೆಟ್ ಆನ್ ಆದಮೇಲೂ ಕೆಲವು ಮೈಕ್ರೋಸೆಕೆಂಡ್ ಅದು ಮುಚ್ಚಿಕೊಳ್ಳಲ್ಲ, ಅಷ್ಟು ಹೊತ್ತು ಬ್ಯಾಟರಿಗೆ ಅಡ್ಡ ಶಾರ್ಟ್ ಇದ್ದ ಹಾಗೆ. ಸೆಕೆಂಡಿಗೆ 1400 ಸಲ.

ಎಸ್‌ಆರ್560 ಹಾಕಿದೆ. 5 ಆಂಪಿಯರ್, 60 ವೋಲ್ಟ್ ಶಾಟ್ಕಿ, ಅಂದರೆ ಬೇಗ ಮುಚ್ಚಿಕೊಳ್ಳುವ ಡಯೋಡ್. ಬೆಲೆ 10 ರೂಪಾಯಿ. ಕಾಲು ದಪ್ಪ ಇದೆ, ಜನರಲ್ ಬೋರ್ಡ್ ತೂತಿಗೆ ಹೋಗಲ್ಲ. 1.5 ಮಿಲಿಮೀಟರ್ ಡ್ರಿಲ್ ಬಿಟ್‌ನಿಂದ ದೊಡ್ಡದು ಮಾಡಬೇಕು. ಬಿಸಿ ನಿಂತಿತು.

8. ಡಬ್ಬಿಗೆ ಸೇರಿಸಿದ್ದು

ಜಾಸ್ತಿ ಕರೆಂಟ್ ಹೋಗುವ ದಾರಿಗಳು ಮೂರು: ಬ್ಯಾಟರಿ ಪ್ಲಸ್‌ನಿಂದ ಮೋಟಾರ್, ಮೋಟಾರ್‌ನಿಂದ ಡ್ರೈನ್, ಸೋರ್ಸ್‌ನಿಂದ ಮೈನಸ್. ಈ ಮೂರಕ್ಕೂ ಬೋರ್ಡ್‌ನ ತಾಮ್ರವನ್ನು ನಂಬದೆ 1 ಸ್ಕ್ವೇರ್ ಎಂಎಂ ವೈರ್‌ನ ಸಿಪ್ಪೆ ತೆಗೆದು ಉದ್ದಕ್ಕೂ ಇಟ್ಟು ಲೆಡ್ ಹರಿಸಿದೆ. 555ರ ಮೈನಸ್ಸನ್ನು ಸೋರ್ಸ್ ಕಾಲಿನ ಬುಡದಲ್ಲೇ ಸೇರಿಸಿದೆ. ಬ್ಯಾಟರಿ ವೈರ್ ಬಂದು ಸೇರುವಲ್ಲಿ 470 ಮೈಕ್ರೋಫ್ಯಾರಡ್ 25 ವೋಲ್ಟ್ ಕೆಪಾಸಿಟರ್. 555ಕ್ಕೆ ಪ್ಲಸ್ ಹೋಗುವ ದಾರಿಯಲ್ಲಿ 100 ಓಮ್ ಮತ್ತು 100 ಮೈಕ್ರೋಫ್ಯಾರಡ್, ಯಾಕೆಂದರೆ ಆ ಐಸಿಯ ಮಿತಿ 16 ವೋಲ್ಟ್. ಚಾರ್ಜಿಂಗ್‌ನಲ್ಲಿ ಬ್ಯಾಟರಿಯೇ 14.4 ಮುಟ್ಟುತ್ತದೆ, ಮೋಟಾರ್ ಗಲಾಟೆಗೆ ಜಾಗ ಕಮ್ಮಿ.

ಮಾಸ್ಫೆಟ್‌ನ ಬೆನ್ನು ಡ್ರೈನ್‌ಗೆ ಸೇರಿದೆ. ಅದು ಬ್ಯಾಟರಿ ಪ್ಲಸ್‌ಗೆ ಮುಟ್ಟಿದರೆ, ಮಾಸ್ಫೆಟ್ ಆನ್ ಆದ ಕೂಡಲೇ ನೇರ ಶಾರ್ಟ್. ಒಂದು ಸಣ್ಣ ಅಲ್ಯೂಮಿನಿಯಂ ತುಂಡು ಹಾಕಿ ಎಲ್ಲಕ್ಕೂ ದಪ್ಪ ಹೀಟ್ ಶ್ರಿಂಕ್ ಸ್ಲೀವ್ ಏರಿಸಿದೆ. ಮೇಜಿನ ಮೇಲೆ ಆ ಅಲ್ಯೂಮಿನಿಯಂ ಬೇಕೇ ಇರಲಿಲ್ಲ. ಆದರೆ ಬೇಸಿಗೆ ಮಧ್ಯಾಹ್ನ ಹೊಲದಲ್ಲಿ ಕರಿ ಪ್ಲಾಸ್ಟಿಕ್ ಡಬ್ಬಿ ಒಳಗೆ ತಣ್ಣನೆ ಗಾಳಿ ಎಲ್ಲಿಂದ ಬರಬೇಕು? ಬಿಸಿಯಾದ ಮಾಸ್ಫೆಟ್‌ನ ಮಿಲಿಓಮೂ ಏರುತ್ತದೆ. ಹಾಗಾಗಿ ಇರಲಿ ಅಂತ.

ಫ್ಯೂಸ್: 5 ಆಂಪಿಯರ್ ಬ್ಲೇಡ್ ಫ್ಯೂಸ್, ಬ್ಯಾಟರಿ ಪ್ಲಸ್‌ಗೆ ಅಂಟಿಕೊಂಡಂತೆ. ಶುರುವಿನ 11.5 ಕ್ಷಣಕಾಲ ಮಾತ್ರ, ಬ್ಲೇಡ್ ಫ್ಯೂಸ್ ಅಷ್ಟಕ್ಕೆ ಹಾರಲ್ಲ. ಜಾಮ್ ಆದರೆ ಹಾರಬೇಕು. ಅದನ್ನು ನೋಡಿಯೇಬಿಡೋಣ ಅಂತ ಪಂಪ್ ಹೆಡ್ ಬಿಚ್ಚಿ, ಬಟ್ಟೆ ಸುತ್ತಿದ ಪ್ಲೈಯರ್‌ನಲ್ಲಿ ಬೇರಿಂಗ್ ಹಿಡಿದು ಸ್ವಿಚ್ ಒತ್ತಿದೆ. ಎರಡು ಸೆಕೆಂಡ್ ಒಳಗೆ ಫ್ಯೂಸ್ ಹೋಯಿತು. ಮಾಸ್ಫೆಟ್ ಉಗುರುಬೆಚ್ಚಗೂ ಇರಲಿಲ್ಲ. ಹೊಸ ಫ್ಯೂಸ್ ಹಾಕಿದರೆ ನಾಬ್ ಸಹಿತ ಎಲ್ಲ ಸರಿ. ಟಿಐಪಿ122 ಈ ಪರೀಕ್ಷೆ ದಾಟುತ್ತಿರಲಿಲ್ಲ.

ಔಷಧಿ ನೀರು ಬೋರ್ಡ್‌ಗೆ ಸೋರಿದರೆ ಕಾಲುಗಳು ಹಸಿರು ಕಟ್ಟುತ್ತವೆ. ಬೋರ್ಡ್‌ನ ಹಿಂಭಾಗಕ್ಕೆ ಬಣ್ಣವಿಲ್ಲದ ನೇಲ್ ಪಾಲಿಶ್ ಎರಡು ಕೋಟ್ ಹೊಡೆದು, ವೈರ್ ಬುಡಗಳಿಗೆ ಹಾಟ್ ಗ್ಲೂ ಬಿಟ್ಟೆ. ಪಾಟ್‌ನ ಶಾಫ್ಟ್ ತೂತಿಗೂ ಒಂದು ರಬ್ಬರ್ ವಾಷರ್.

9. ಖರ್ಚು, ಮತ್ತು ಬಾಕಿ

ಮಾಸ್ಫೆಟ್ 30, ಎಸ್‌ಆರ್560 10, 555 ಮತ್ತು ಸಾಕೆಟ್ 15, ಪಾಟ್ ಮತ್ತು ನಾಬ್ 35, ಫ್ಯೂಸ್ ಹೋಲ್ಡರ್ ಮತ್ತು ಫ್ಯೂಸ್‌ಗಳು 40, ಬೋರ್ಡ್, ಕೆಪಾಸಿಟರ್, ರೆಸಿಸ್ಟರ್, ಸ್ಲೀವ್ ಎಲ್ಲ ಸೇರಿ 50. ಒಟ್ಟು 180 ರೂಪಾಯಿ. ಸತ್ತ ಟಿಐಪಿ122ನ್ನು ಲೆಕ್ಕಕ್ಕೆ ಹಿಡಿದರೆ 200, ಅಂದರೆ ರೆಡಿ ಕಂಟ್ರೋಲರ್ ಬೆಲೆಯೇ. ದುಡ್ಡು ಉಳಿಸೋಕೆ ಅಂತ ಮಾಡಿದ್ದರೆ ಬೇಸರ ಆಗುತ್ತಿತ್ತು.

ಚಿಕ್ಕಪ್ಪ ಟೊಮೇಟೊಗೆ ಬಿಳಿ ನೊಣದ ಔಷಧಿ ಹೊಡೆದು ಬಂದರು. "ಪ್ರೆಶರ್ ಮುಂಚೆಗಿಂತ ಚೆನ್ನಾಗೈತೆ ಕಣೋ" ಅಂದರು. ಇರಬಹುದು. ಹಳೇ ಟ್ರಾನ್ಸಿಸ್ಟರ್ ಎಷ್ಟು ವೋಲ್ಟ್ ತಿನ್ನುತ್ತಿತ್ತೋ ಗೊತ್ತಿಲ್ಲ, ಈಗ ತಿನ್ನೋದು 0.04 ವೋಲ್ಟ್.

ಬಾಕಿ ಇರೋದು ಪ್ರೆಶರ್ ಸ್ವಿಚ್. ಬಿಚ್ಚಿ ನೋಡಿದರೆ ಅದರ ಒಳಗಿನ ಕಾಂಟ್ಯಾಕ್ಟ್ ಕರಿ ಕಟ್ಟಿದೆ. ಆ ಸ್ವಿಚ್ ಮೋಟಾರ್ ಜೊತೆ ಸಾಲಿನಲ್ಲಿ, ಪಂಪ್ ಮೇಲೇ ಕೂತಿದೆ. ನನ್ನ ಡಯೋಡ್ ಇರೋದು ಬೋರ್ಡ್ ಮೇಲೆ, ಹಾಗಾಗಿ ಆ ಸ್ವಿಚ್ ಕಟ್ ಆದಾಗ ಬರುವ ಕಿಡಿಗೆ ಅದು ಉಪಯೋಗ ಇಲ್ಲ. ಇನ್ನೊಂದು ಎಸ್‌ಆರ್560ನ್ನು ಮೋಟಾರ್ ಟರ್ಮಿನಲ್‌ಗೇ ನೇರ ಬೆಸೆಯಬೇಕು. ಬೆಳ್ಳಿ ಪಟ್ಟಿ ಇರುವ ತುದಿ ಪ್ಲಸ್ ಕಡೆ.

ಪಕ್ಕದ ಹೊಲದವರ ಡಬಲ್ ಮೋಟಾರ್ ಮಷಿನ್ ಕೂಡ ಬಂದು ಕೂತಿದೆ. ಎರಡು ಮೋಟಾರ್ ಒಟ್ಟಿಗೆ ಶುರುವಾದರೆ 23 ಆಂಪಿಯರ್ ಆಸುಪಾಸು. ಅದಕ್ಕೂ ಇದೇ ಮಾಸ್ಫೆಟ್ ಸಾಕು, ಶುರುವಿನ ಶಾಖ 9 ವ್ಯಾಟ್‌ನಷ್ಟು ಆಗುತ್ತದೆ, ಕ್ಷಣಕಾಲ ಆದ್ದರಿಂದ ತೊಂದರೆ ಇಲ್ಲ. ಆದರೆ ಜಾಮ್ ಆದರೆ ತೊಂದರೆ, ಹಾಗಾಗಿ ಒಂದು 10 ಆಂಪಿಯರ್ ಫ್ಯೂಸ್ ಬದಲು ಒಂದೊಂದು ಮೋಟಾರ್‌ಗೂ ಬೇರೆ ಬೇರೆ 5 ಆಂಪಿಯರ್ ಫ್ಯೂಸ್. ಡಯೋಡ್ ಜಾಗಕ್ಕೆ ಎಂಬಿಆರ್2045ಸಿಟಿ, ಬ್ಯಾಟರಿ ವೈರ್ 1.5 ಸ್ಕ್ವೇರ್ ಎಂಎಂ. ಮೊದಲು ಬಲ್ಬ್ ಹಾಕಿ ಎರಡೂ ಮೋಟಾರ್‌ನ ಓಮ್ ಅಳೆಯಬೇಕು.